ಕತ್ತಲ ಕಡಲಿನ ಸೀ ಪೆನ್‌ಗೆ ಸಂತಾನ ಹೇಗೆ?

ಪ್ರಶ್ನೆ: ಆಳಸಮುದ್ರದ ಕೆಸರಿನಲ್ಲಿ ಗರಿಯಂತೆ ನಿಂತಿರುವ ಸೀ ಪೆನ್‌ಗಳ ವಿಡಿಯೊ ತೋರಿಸಿದಾಗ ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಅದು ಗಿಡವೆಂದೇ ವಾದಿಸಿದರು. ಪ್ರಾಣಿಯೇ ಆದರೆ, ಒಂದನ್ನೊಂದು ಸಮೀಪಿಸಲಾಗದ ಇವು ಸಂತಾನ ಪಡೆಯುವುದು ಹೇಗೆ? ಬಲೆಗೆ ಸಿಕ್ಕಿ ಕಿತ್ತುಬಂದವು ಮತ್ತೆ ನೆಲೆಯೂರುತ್ತವೆಯೇ?
– ಜೀವಶಾಸ್ತ್ರ ಉಪನ್ಯಾಸಕಿ, ದಾವಣಗೆರೆ

ಉತ್ತರ: ಸೀ ಪೆನ್ ಹವಳದ ಬಳಗಕ್ಕೆ ಸೇರಿದ ಪ್ರಾಣಿ, ಸರಿಯಾಗಿ ಹೇಳಬೇಕೆಂದರೆ, ಒಂದೇ ಕಾಂಡವನ್ನು ಹಂಚಿಕೊಂಡ ಅನೇಕ ಪಾಲಿಪ್‌ಗಳ, ಅಂದರೆ ಪುಟ್ಟ ಪ್ರಾಣಿಘಟಕಗಳ, ವಸಾಹತು. ಎಂಟೆಂಟು ಕರಬಳ್ಳಿಗಳುಳ್ಳ ಪಾಲಿಪ್‌ಗಳು ನೀರಿನಲ್ಲಿ ತೇಲಿಬರುವ ಆಹಾರವನ್ನು ಹಿಡಿಯುತ್ತವೆ, ಸಂತಾನೋತ್ಪತ್ತಿಯ ಹೊಣೆಯೂ ಅವುಗಳದೇ. ಇನ್ನು ಕೆಲವು ಚಿಕ್ಕ ಪಾಲಿಪ್‌ಗಳು ವಸಾಹತಿನೊಳಗೆ ನೀರು ಹರಿಸುವುದಕ್ಕಷ್ಟೇ ಮೀಸಲು. ಅಂಬೆಲ್ಯುಲ ಕುಲದ ಸೀ ಪೆನ್‌ಗಳು 6,000 ಮೀಟರಿಗಿಂತಲೂ ಆಳದಲ್ಲಿ ದೊರೆತಿವೆ.

ಸಾಮಾನ್ಯವಾಗಿ ಒಂದು ವಸಾಹತು ಪೂರ್ತಿ ಗಂಡು, ಇಲ್ಲವೇ ಪೂರ್ತಿ ಹೆಣ್ಣು. ಎರಡೂ ತಮ್ಮ ಲಿಂಗಾಣುಗಳನ್ನು (ವೀರ್ಯಾಣು, ಅಂಡಾಣು) ನೀರಿಗೆ ಬಿಡುತ್ತವೆ, ಫಲೀಕರಣ ಹೊರಗೇ ನಡೆಯುತ್ತದೆ. ನಿಮ್ಮ ಭಾಗದ ಮೆಕ್ಕೆಜೋಳದ ಹೊಲದಲ್ಲಿ ಪರಾಗಕ್ಕೆ ಗಾಳಿ ಮಾಡುವ ಕೆಲಸವನ್ನು ಇಲ್ಲಿ ಪ್ರವಾಹ ಮಾಡುವುದರಿಂದ, ಒಂಟಿಯಾಗಿ ನಿಂತ ಸೀ ಪೆನ್‌ಗಿಂತ ದಟ್ಟವಾದ ಗುಂಪಿಗೆ ಅನುಕೂಲ ಹೆಚ್ಚು. ಬಿಸಿಲೇ ತಲುಪದ ಆಳದಲ್ಲಿ ಋತುವಿನ ಸುಳಿವು ಸಿಗುವುದು ಹೇಗೆಂಬ ಸಂದೇಹ ಸಹಜವೇ. ವಾಯವ್ಯ ಅಟ್ಲಾಂಟಿಕ್‌ನ ಆಂಥೊಪ್ಟೈಲಮ್ ಗ್ರಾಂಡಿಫ್ಲೋರಮ್ ಎಂಬ ಪ್ರಭೇದದಲ್ಲಿ ಮೊಟ್ಟೆ ಬಿಡುವ ಕಾಲಕ್ಕೂ ಮೇಲ್ಮೈಯಲ್ಲಿ ವಸಂತದ ಸಸ್ಯಪ್ಲವಕಗಳು (ತೇಲುವ ಸೂಕ್ಷ್ಮ ಸಸ್ಯಗಳು) ಹೆಚ್ಚುವುದಕ್ಕೂ ನಂಟು ಕಂಡುಬಂದಿದೆ.

ಮೊಟ್ಟೆಯ ಗಾತ್ರವನ್ನು ವಿಶೇಷವಾಗಿ ಗಮನಿಸಬೇಕು. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ, ಆಳಸಮುದ್ರಕ್ಕಿಂತ ಬಹಳ ಮೇಲೆ ಬೆಳೆಯುವ ಫ್ಯುನಿಕ್ಯುಲಿನ ಕ್ವಾಡ್ರಾಂಗುಲಾರಿಸ್ ಎಂಬ ಸೀ ಪೆನ್‌ನಲ್ಲಿ ಅಂಡಾಣು 0.8 ಮಿ.ಮೀ. ಮೀರಿ ಬೆಳೆಯುತ್ತದೆ. ಪಾಲಿಪ್‌ನೊಳಗೆ ಅಂಡಾಣುಗಳು ಬಹಳಷ್ಟಿದ್ದರೂ ಒಂದು ವರ್ಷದಲ್ಲಿ ಪಕ್ವವಾಗಿ ಹೊರಬೀಳುವುದು ಅವುಗಳಲ್ಲಿ ಸ್ವಲ್ಪ ಪಾಲು ಮಾತ್ರ. ಅಂಡದಲ್ಲಿ ತುಂಬಿದ ಪೋಷಕಾಂಶವೇ ಮರಿಗೆ ಬುತ್ತಿ. ಪ್ಲಾನ್ಯುಲ ಎಂಬ ಈ ಮರಿಯು ಏನನ್ನೂ ತಿನ್ನದೆ ಈಜುತ್ತ ಹೋಗಿ ಮೆತ್ತನೆಯ ನೆಲ ಸಿಕ್ಕಲ್ಲಿ ಇಳಿಯುತ್ತದೆ. ಅಲ್ಲಿ ಅದು ಮೊದಲ ಪಾಲಿಪ್ ಆಗಿ, ಕ್ರಮೇಣ ತನ್ನ ಬಾಯಿ ಮತ್ತು ಕರಬಳ್ಳಿಗಳನ್ನು ಕಳೆದುಕೊಂಡು, ಇಡೀ ವಸಾಹತಿಗೆ ಕಾಂಡವಾಗಿ ನಿಲ್ಲುತ್ತದೆ. ಉಳಿದ ಪಾಲಿಪ್‌ಗಳೆಲ್ಲ ಅದರ ಮೈಮೇಲೆ ಮೊಗ್ಗೊಡೆದು ಬಂದವು. ಇಂತಹ ಸೀ ಪೆನ್‌ಗಳ ನಡುವೆ ಇತರರೂ ಆಸರೆ ಪಡೆಯುತ್ತಾರೆ: ಪೂರ್ವ ಕೆನಡಾದ ಕಡಲಿನಲ್ಲಿ ರೆಡ್‌ಫಿಶ್‌ನ ಎಳೆಮರಿಗಳು ಇವುಗಳ ಪಾಲಿಪ್‌ಗಳ ಮಧ್ಯೆಯೇ ಸಿಕ್ಕಿವೆ.

ಇನ್ನು ಎರಡನೆಯ ಪ್ರಶ್ನೆ. ಕಾಂಡದ ಬುಡ ಸ್ನಾಯುಮಯವಾದುದರಿಂದ, ಕಿತ್ತುಬಿದ್ದ ಕೆಲವು ಪ್ರಭೇದಗಳು ಬುಡವನ್ನು ಮತ್ತೆ ಕೆಸರಿಗೆ ತೂರಿಸಿ ಎದ್ದು ನಿಲ್ಲಬಲ್ಲವು. ಆದರೆ ತಳ ಗೋರುವ ಟ್ರಾಲ್ ಬಲೆಯು ಒಳಗಿನ ಸುಣ್ಣದ ಕಡ್ಡಿಯನ್ನೇ ಮುರಿದರೆ ಚೇತರಿಕೆ ಕಷ್ಟ. ಅಲಾಸ್ಕಾದ ಹ್ಯಾಲಿಪ್ಟೆರಿಸ್ ಎಂಬ ಸೀ ಪೆನ್‌ಗಳಲ್ಲಿ ನೆಲಕ್ಕೊರಗಿದವುಗಳನ್ನು ಟ್ರೈಟೋನಿಯ ಎಂಬ ಚಿಪ್ಪಿಲ್ಲದ ಕಡಲ ಬಸವನಹುಳುಗಳು ಮುತ್ತಿ ತಿಂದುದನ್ನು ಸಂಶೋಧಕರು ಕಂಡಿದ್ದಾರೆ. ಅಲ್ಲಿನ ಎತ್ತರದ ವಸಾಹತೊಂದು ಆ ಗಾತ್ರಕ್ಕೆ ಬರಲು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬೇಕೆಂದು ಕಡ್ಡಿಯ ಉಂಗುರಗಳ ಎಣಿಕೆಯಿಂದ ಅಂದಾಜಿಸಲಾಗಿದೆ.