ಊಟದ ತಟ್ಟೆಯ ಮುಂದೆ ಮಗಳು ಅಳುತ್ತಾಳೆ

ಪ್ರಶ್ನೆ: ನಾವು ದಾವಣಗೆರೆಯವರು. ಮಗಳಿಗೆ 17 ವರ್ಷ, ದ್ವಿತೀಯ ಪಿಯುಸಿ. ಕಳೆದ ವರ್ಷ ಹಾಸ್ಟೆಲಿನಲ್ಲಿದ್ದಾಗ ಗೆಳತಿಯರ ಜೊತೆ ಸೇರಿ ಡಯಟ್ ಶುರು ಮಾಡಿದಳು. ಮೊದಲು ಸಿಹಿ ಬಿಟ್ಟಳು, ಆಮೇಲೆ ಅನ್ನ, ಆಮೇಲೆ ಎಣ್ಣೆ. ರಜೆಗೆ ಬಂದಾಗ ‘ಸಣ್ಣಗಾಗಿ ಎಷ್ಟು ಚೆನ್ನಾಗಿ ಕಾಣ್ತೀಯ’ ಎಂದು ಎಲ್ಲರೂ ಹೊಗಳಿದರು, ನಾನೂ ಹೊಗಳಿದೆ. ಈಗ ಆರು ತಿಂಗಳಿಂದ ಮುಟ್ಟಾಗಿಲ್ಲ, ಕೂದಲು ಉದುರುತ್ತಿದೆ, ಏಪ್ರಿಲ್ ಬಿಸಿಲಿನಲ್ಲೂ ಸ್ವೆಟರ್ ಹಾಕಿಕೊಂಡು ಕೂರುತ್ತಾಳೆ. ಹಿಂದೆ ಬೆಣ್ಣೆ ದೋಸೆ ಎಂದರೆ ಪ್ರಾಣ ಬಿಡುತ್ತಿದ್ದವಳು ಈಗ ಅದನ್ನು ಪೇಪರಿನಲ್ಲಿ ಒತ್ತಿ ಬೆಣ್ಣೆ ತೆಗೆದು, ಉಗುರಿನಷ್ಟು ಚೂರು ಮಾಡಿಕೊಂಡು, ಮುಕ್ಕಾಲು ಗಂಟೆ ಕೂತು ಅರ್ಧ ಬಿಡುತ್ತಾಳೆ. ಆದರೆ ತಮ್ಮನಿಗೆ ತಾನೇ ಮಾಡಿ ಬಡಿಸುತ್ತಾಳೆ, ರಾತ್ರಿ ಮಲಗುವವರೆಗೂ ಅಡುಗೆಯ ವಿಡಿಯೊ ನೋಡುತ್ತಾಳೆ. ಸೋಮವಾರದ ಉಪವಾಸ ಗುರುವಾರಕ್ಕೂ ಶನಿವಾರಕ್ಕೂ ಹಬ್ಬಿದೆ. ಒತ್ತಾಯ ಮಾಡಿದರೆ ತಟ್ಟೆಯ ಮುಂದೆ ಅಳುತ್ತಾಳೆ. ಇದು ಬರೀ ಹಟ ಎಂದು ಅತ್ತೆಯವರು ಹೇಳುತ್ತಾರೆ. ಯಜಮಾನರಿಗೆ ಸಕ್ಕರೆ ಕಾಯಿಲೆಯ ಪಥ್ಯವಿದೆ, ನಾನೂ ತೂಕ ಇಳಿಸಲೆಂದು ರಾತ್ರಿ ಊಟ ಬಿಟ್ಟಿದ್ದೇನೆ. ರಕ್ತ ಪರೀಕ್ಷೆ ಮಾಡಿಸಿದೆವು, ಎಲ್ಲ ಸರಿಯಿದೆ ಎಂದರು. ಇದು ಕಾಯಿಲೆಯೋ, ಹಟವೋ? ನಾನು ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿದ್ದ ತೂಕದ ಅಂಕಿಗಳನ್ನು ತೆಗೆದು ಪ್ರಕಟಿಸಿದ್ದೇನೆ. ಇದೇ ಕಷ್ಟದಲ್ಲಿರುವ ಬೇರೆ ಮಕ್ಕಳು ಅವನ್ನು ಓದಿ ತಮ್ಮ ತೂಕದೊಂದಿಗೆ ಹೋಲಿಸಿಕೊಳ್ಳುತ್ತಾರೆ ಎಂಬುದೇ ಕಾರಣ. ಮನೆಯಲ್ಲಿಯೂ ಆ ಅಂಕಿಗಳನ್ನು ಅವಳೆದುರು ಆಡಬೇಡಿ.

ಇದು ಹಟವಲ್ಲ. ಮಗುವನ್ನು ನೋಡದೆ ರೋಗ ನಿರ್ಣಯ ಮಾಡಲಾಗದು, ಆದರೆ ನೀವು ಬರೆದಿರುವ ಲಕ್ಷಣಗಳೆಲ್ಲ ದಪ್ಪಗಾಗುವ ಭಯದಲ್ಲಿ ಊಟ ಬಿಡುತ್ತಾ ಹೋಗುವ ಅನೊರೆಕ್ಸಿಯಾ ನರ್ವೋಸಾ ಎಂಬ ಕಾಯಿಲೆಯ ಕಡೆಗೇ ಬೊಟ್ಟು ಮಾಡುತ್ತವೆ. ಇದು ಮೊಬೈಲ್ ಕಾಲದ ಹೊಸ ಶೋಕಿಯೂ ಅಲ್ಲ. 1873ರ ಸುಮಾರಿನಲ್ಲಿಯೇ ಪ್ಯಾರಿಸಿನ ಲಸೇಗ್ ಮತ್ತು ಲಂಡನ್ನಿನ ವಿಲಿಯಂ ಗಲ್ ಎಂಬ ವೈದ್ಯರು ಇದನ್ನು ವಿವರಿಸಿದ್ದರು. ಮಾನಸಿಕ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವಹಾನಿ ಮಾಡುವವುಗಳ ಸಾಲಿನಲ್ಲಿ ಇದೂ ಇದೆ ಎಂಬುದನ್ನು ನಿಮ್ಮನ್ನು ಹೆದರಿಸಲೆಂದು ಹೇಳುತ್ತಿಲ್ಲ, ತಡಮಾಡಬಾರದೆಂದು ಹೇಳುತ್ತಿದ್ದೇನೆ.

ತಾನು ತಿನ್ನದ ಹುಡುಗಿ ತಮ್ಮನಿಗೆ ಅಡುಗೆ ಮಾಡಿ ಬಡಿಸುವುದೇಕೆ ಎಂಬ ನಿಮ್ಮ ಗೊಂದಲಕ್ಕೆ ಒಂದು ಹಳೆಯ ಪ್ರಯೋಗದಲ್ಲಿ ಉತ್ತರವಿದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944–45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರನ್ನು, ಅವರ ಒಪ್ಪಿಗೆ ಪಡೆದು, ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ನೋಡಿದರು. ಯುದ್ಧದಲ್ಲಿ ಹಸಿದ ಜನರನ್ನು ಮತ್ತೆ ಹೇಗೆ ಉಣಿಸಬೇಕೆಂದು ತಿಳಿಯುವುದು ಅವರ ಉದ್ದೇಶವಾಗಿತ್ತು. ಆ ಯುವಕರಲ್ಲಿ ಯಾರಿಗೂ ಸಣ್ಣಗಾಗುವ ಆಸೆಯಿರಲಿಲ್ಲ. ಆದರೂ ವಾರಗಳು ಕಳೆದಂತೆ ಅವರು ಅಡುಗೆಯ ಪುಸ್ತಕಗಳನ್ನು ಕೂಡಿಡತೊಡಗಿದರು, ಊಟವನ್ನು ಚೂರು ಚೂರು ಮಾಡಿ ಗಂಟೆಗಟ್ಟಲೆ ಎಳೆದರು, ಸದಾ ಚಳಿ ಎಂದರು, ಮಾತುಮಾತಿಗೆ ಸಿಡುಕಿದರು, ಒಬ್ಬರೇ ಇರಲು ಬಯಸಿದರು. ನಿಮ್ಮ ಮಗಳ ಸ್ವೆಟರ್, ಉಗುರಿನಷ್ಟು ದೋಸೆಯ ಚೂರು, ರಾತ್ರಿಯ ವಿಡಿಯೊ, ಇವೆಲ್ಲ ಅದೇ ಹಸಿವಿನ ಗುರುತುಗಳು. ಹಸಿದ ಮೆದುಳಿಗೆ ಬುದ್ಧಿಮಾತು ತಲುಪುವುದಿಲ್ಲ. ಆದ್ದರಿಂದ ‘ಮೊದಲು ಅವಳ ಮನಸ್ಸು ಬದಲಾಗಲಿ, ಆಮೇಲೆ ತಿನ್ನುತ್ತಾಳೆ’ ಎಂದು ಕಾಯಬೇಡಿ. ಈ ಕಾಯಿಲೆಯಲ್ಲಿ ಊಟವೇ ಮೊದಲ ಔಷಧ. ದೇಹಕ್ಕೆ ಸಾಕಷ್ಟು ಬಿದ್ದ ಮೇಲೆಯೇ ಮನಸ್ಸು ಬಿಡಿಸಿಕೊಳ್ಳುತ್ತದೆ, ಮತ್ತು ಮನಸ್ಸಿಗೆ ಅದಕ್ಕಿಂತ ಬಹಳ ಹೆಚ್ಚು ಕಾಲ ಬೇಕಾಗುತ್ತದೆ.

ಆದರೆ ನಾಳೆಯಿಂದಲೇ ಒಮ್ಮೆಗೆ ತುಂಬಾ ತಿನ್ನಿಸಲು ಹೊರಡಬೇಡಿ. ಬಹಳ ಕಾಲ ಉಪವಾಸವಿದ್ದ ದೇಹಕ್ಕೆ ಏಕಾಏಕಿ ಹೆಚ್ಚು ಆಹಾರ ಬಿದ್ದರೆ ರಕ್ತದಲ್ಲಿ ಫಾಸ್ಫೇಟ್ ಮುಂತಾದ ಲವಣಗಳು ಕುಸಿದು ಹೃದಯಕ್ಕೆ ಅಪಾಯವಾಗಬಹುದು. ಈ ವಾರವೇ ವೈದ್ಯರಿಗೆ ತೋರಿಸಿ, ನಾಡಿ, ಮಲಗಿದಾಗಿನ ಮತ್ತು ನಿಂತಾಗಿನ ರಕ್ತದೊತ್ತಡ, ಇಸಿಜಿ, ಪೊಟ್ಯಾಸಿಯಂ, ಫಾಸ್ಫೇಟ್ ಎಲ್ಲವನ್ನೂ ನೋಡಲು ಕೇಳಿಕೊಳ್ಳಿ, ಮನೋವೈದ್ಯರನ್ನೂ ಕಾಣಿ. ರಕ್ತ ಪರೀಕ್ಷೆ ಸರಿಯಿದೆ ಎಂಬುದೊಂದರಿಂದ ಸಮಾಧಾನಪಡಬೇಡಿ, ಏಕೆಂದರೆ ದೇಹ ತನ್ನನ್ನೇ ಕರಗಿಸಿಕೊಂಡು ರಕ್ತದ ಲೆಕ್ಕವನ್ನು ಕೊನೆಯವರೆಗೂ ಸರಿದೂಗಿಸುತ್ತದೆ. ಎಚ್ಚರವಿರುವಾಗಲೇ ನಾಡಿ ನಿಮಿಷಕ್ಕೆ 50ಕ್ಕಿಂತ ಕೆಳಗಿಳಿದರೆ, ತಲೆಸುತ್ತಿ ಬಿದ್ದರೆ, ಎದೆ ನೋವು ಅಥವಾ ಎದೆಬಡಿತದ ಏರುಪೇರು ಕಂಡರೆ, ನೀರನ್ನೂ ನಿರಾಕರಿಸಿದರೆ, ಸಾಯುವ ಮಾತಾಡಿದರೆ, ಅಪಾಯಿಂಟ್‌ಮೆಂಟಿಗೆ ಕಾಯದೆ ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ.

ವೈದ್ಯರು ಮನೆಯಲ್ಲೇ ಚಿಕಿತ್ಸೆ ಮುಂದುವರಿಸಬಹುದು ಎಂದಮೇಲೆ ದೊಡ್ಡ ಜವಾಬ್ದಾರಿ ನಿಮ್ಮಿಬ್ಬರದು. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಕುಟುಂಬ ಚಿಕಿತ್ಸೆಯ ಪದ್ಧತಿ ಈ ವಯಸ್ಸಿನವರಿಗೆ ಇಂದಿಗೂ ಮುಖ್ಯ ದಾರಿ. ಅದರ ಪ್ರಕಾರ ಏನು, ಎಷ್ಟು, ಯಾವಾಗ ತಿನ್ನಬೇಕೆಂಬ ತೀರ್ಮಾನ ಸ್ವಲ್ಪ ಕಾಲ ತಂದೆತಾಯಿಯ ಕೈಯಲ್ಲಿರುತ್ತದೆ. ಚೇತರಿಸಿಕೊಂಡಂತೆಲ್ಲ ಅದನ್ನು ಮಗುವಿಗೆ ಮರಳಿ ಒಪ್ಪಿಸಲಾಗುತ್ತದೆ. ಮೂರು ಹೊತ್ತಿನ ಊಟ, ನಡುವೆ ಎರಡು ಮೂರು ಬಾರಿ ತಿಂಡಿ. ತಟ್ಟೆಗೆ ಬಡಿಸುವವರು ನೀವು, ಅವಳಲ್ಲ. ಅಡುಗೆಮನೆಯಿಂದ ಅವಳನ್ನು ಸದ್ಯಕ್ಕೆ ದೂರವಿಡಿ, ತಮ್ಮನಿಗೆ ಬಡಿಸುವುದೂ ಬೇಡ. ಪಕ್ಕದಲ್ಲಿ ಕುಳಿತು ನೀವೂ ಉಣ್ಣಿ. ಅವಳು ಅತ್ತಾಗ ಚೌಕಾಸಿಗಾಗಲಿ ವಾದಕ್ಕಾಗಲಿ ಇಳಿಯದೆ, ‘ನಿನಗೆ ಎಷ್ಟು ಕಷ್ಟ ಆಗ್ತಿದೆ ಅಂತ ಗೊತ್ತು ಪುಟ್ಟಿ, ಆದರೂ ಇದು ಬೇಕೇ ಬೇಕು, ಮುಗಿಯೋವರೆಗೂ ನಾನು ಇಲ್ಲೇ ಕೂತಿರ್ತೀನಿ’ ಎಂದಷ್ಟೇ ಹೇಳಿ, ಮತ್ತೆ ಮತ್ತೆ ಅದನ್ನೇ ಹೇಳಿ. ಊಟವಾದ ಮೇಲೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಜೊತೆಯಲ್ಲೇ ಇರಿ; ತಪ್ಪಿತಸ್ಥ ಭಾವ ಸುಡುವುದು ಆ ಹೊತ್ತಿನಲ್ಲಿ. ಚೌಕಾಬಾರ ಆಡಿ, ಹೂ ಕಟ್ಟಿ, ಧಾರಾವಾಹಿ ನೋಡಿ. ಕೋಪ ಬಂದರೆ ಕಾಯಿಲೆಯ ಮೇಲೆ ಬರಲಿ, ಮಗಳ ಮೇಲೆ ಬೇಡ.

ಈಗ ಮನೆಯ ಮಾತಿನ ವಿಷಯ. ನೀವು ಕೇಳದೆ ಕೇಳಿದ ಪ್ರಶ್ನೆ ಇದೇ ಎಂದು ನನಗನ್ನಿಸುತ್ತದೆ. ಹೊಗಳಿದಿರಿ ಎಂಬ ಕಾರಣಕ್ಕೆ ಈ ಕಾಯಿಲೆ ಬರಲಿಲ್ಲ. ಹುಟ್ಟಿನಿಂದ ಬಂದ ಪ್ರವೃತ್ತಿಯೂ ಸೇರಿ ಹಲವು ಕಾರಣಗಳು ಕೂಡಿ ಇದು ಬರುತ್ತದೆ, ಆ ತಪ್ಪನ್ನು ತಲೆಯ ಮೇಲೆ ಹೊತ್ತುಕೊಳ್ಳಬೇಡಿ. ಆದರೆ ಅವಳು ಗುಣವಾಗುವ ಮನೆಯಲ್ಲಿ ಡಯಟಿನ ಮಾತು ಇರಬಾರದು. ನಿಮ್ಮ ರಾತ್ರಿಯ ಊಟವನ್ನು ಇಂದೇ ಮತ್ತೆ ಶುರು ಮಾಡಿ. ತಾಯಿ ಉಪವಾಸ ಕೂತು ಮಗಳಿಗೆ ಉಣ್ಣು ಎಂದರೆ ಆ ಮಾತಿಗೆ ಬಲ ಎಲ್ಲಿಂದ ಬಂದೀತು? ಯಜಮಾನರ ಪಥ್ಯ ವೈದ್ಯರು ಹೇಳಿದ್ದು, ಅದು ನಡೆಯಲಿ, ಆದರೆ ಊಟಕ್ಕೆ ಕೂತಾಗ ಅದರ ಚರ್ಚೆ ಬೇಡ. ತೂಕದ ಯಂತ್ರವನ್ನು ಮನೆಯಿಂದ ಹೊರಗೆ ಹಾಕಿ; ತೂಕ ನೋಡುವುದು ಆಸ್ಪತ್ರೆಯಲ್ಲಿ ಮಾತ್ರ ಆಗಲಿ. ನೆಂಟರು ಬಂದಾಗ ‘ಮೈಕೈ ತುಂಬಿಕೊಂಡು ಮುಖಕ್ಕೆ ಕಳೆ ಬಂತು’ ಎಂದು ಪ್ರೀತಿಯಿಂದಲೇ ಹೇಳಿಯಾರು. ಅವಳ ಕಿವಿಗೆ ಅದು ‘ದಪ್ಪಗಾದೆ’ ಎಂದೇ ಬೀಳುತ್ತದೆ. ಫೋನಿನಲ್ಲೇ ಮುಂಚಿತವಾಗಿ ತಿಳಿಸಿಬಿಡಿ: ಅವಳ ದೇಹದ ಬಗ್ಗೆ, ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ಯಾರೂ ಏನೂ ಹೇಳುವುದು ಬೇಡ.

ಉಪವಾಸದ ವಿಷಯದಲ್ಲಿ ನಿಮ್ಮ ಅತ್ತೆಯವರ ನೆರವು ಪಡೆಯಿರಿ. ಈ ಕಾಯಿಲೆ ಭಕ್ತಿಯ ಮರೆಯಲ್ಲಿಯೂ ಅಡಗಿಕೊಳ್ಳುತ್ತದೆ. ಕಾಯಿಲೆಯವರಿಗೆ, ಬಾಣಂತಿಯರಿಗೆ, ಮಕ್ಕಳಿಗೆ ಉಪವಾಸವಿಲ್ಲ ಎಂಬುದು ಹಿರಿಯರಿಗೆ ಗೊತ್ತಿರುವ ಮಾತೇ. ‘ನಿನ್ನ ಸೋಮವಾರ ನಾನು ಮಾಡ್ತೀನಿ, ನೀನು ಉಣ್ಣು’ ಎಂದು ಅಜ್ಜಿಯೇ ಹೇಳಿದರೆ ಅದರ ತೂಕವೇ ಬೇರೆ. ಇದು ಹಟ ಎನ್ನುತ್ತಿರುವ ಅವರನ್ನೂ ಒಮ್ಮೆ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ.

ತಿಂಗಳುಗಟ್ಟಲೆಯ ಕೆಲಸವಿದು, ಕೆಲವೊಮ್ಮೆ ವರ್ಷಗಳದು. ಒಂದು ವಾರ ಚೆನ್ನಾಗಿ ತಿಂದು ಮರುವಾರ ಮತ್ತೆ ತಟ್ಟೆ ದೂಡಿದರೆ ಎಲ್ಲ ಹಾಳಾಯಿತೆಂದು ಕೈಚೆಲ್ಲಬೇಡಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದಿಂದ ಆರಂಭಿಸಿ, ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಗಳಿಗಾಗಿ ಮಾತ್ರವಲ್ಲ, ನಿಮಗೆ ದಣಿವಾದಾಗ ನಿಮಗಾಗಿಯೂ ಕರೆ ಮಾಡಿ.

ಪ್ರಶ್ನೆ: ನನಗೆ 25 ವರ್ಷ, ಮೈಸೂರಿನಲ್ಲಿ ಕೆಲಸ. ಅತಿಯಾಗಿ ತಿಂದು ವಾಂತಿ ಮಾಡಿಕೊಳ್ಳುವ ಬುಲಿಮಿಯಾ ಇತ್ತು, ಚಿಕಿತ್ಸೆ ಪಡೆದು ಹತ್ತು ತಿಂಗಳಿಂದ ನಿಂತಿದೆ. ಈಗ ಮದುವೆ ಗೊತ್ತಾಗಿದೆ. ಸೋದರತ್ತೆ ಜಿಮ್ಮಿನ ಮೂರು ತಿಂಗಳ ‘ಬ್ರೈಡಲ್ ಡಯಟ್’ ಪ್ಯಾಕೇಜಿಗೆ ದುಡ್ಡು ಕಟ್ಟಿ ಬಂದಿದ್ದಾರೆ. ಬೇಡ ಎನ್ನಲು ಸಂಕೋಚ.

ಉತ್ತರ: ಹತ್ತು ತಿಂಗಳು ಎಂದರೆ ಸಣ್ಣ ಮಾತಲ್ಲ, ಅದಕ್ಕೆ ನಿಮಗೆ ಮನಸಾರೆ ಅಭಿನಂದನೆ. ಪ್ಯಾಕೇಜ್ ಖಂಡಿತ ಬೇಡ. ಹೊಟ್ಟೆ ಕಟ್ಟಿದಷ್ಟೂ ಅತಿಯಾಗಿ ತಿನ್ನುವ ಸೆಳೆತ ಹೆಚ್ಚುತ್ತದೆ, ಅದರ ಹಿಂದೆಯೇ ವಾಂತಿ ಬರುತ್ತದೆ. ಆ ಚಕ್ರವನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಮೂರು ನಾಲ್ಕು ಗಂಟೆಗೊಮ್ಮೆ ತಪ್ಪದೆ ತಿನ್ನುವ ಕ್ರಮವೇ ನಿಮ್ಮನ್ನು ಇಲ್ಲಿಯವರೆಗೆ ಕಾಪಾಡಿದೆ. ಬಟ್ಟೆ ಖರೀದಿಯ ದಿನವಾಗಲಿ, ಅರಿಶಿನ ಶಾಸ್ತ್ರದ ದಿನವಾಗಲಿ ಅದನ್ನು ಬಿಡಬೇಡಿ, ಬ್ಯಾಗಿನಲ್ಲಿ ಬಾಳೆಹಣ್ಣು, ಕಡಲೆ ಚಿಕ್ಕಿ ಇರಲಿ. ರವಿಕೆ ಹೊಲಿಸುವಾಗ ಇಂದಿನ ಅಳತೆಗೇ ಹೊಲಿಸಿ.

ತೆಳ್ಳಗಿದ್ದರೇ ಚೆಂದ ಎಂಬ ಕಣ್ಣು ನಮ್ಮ ಹುಟ್ಟುಗುಣವಲ್ಲ. ಮೈತುಂಬಿದ ದೇಹವನ್ನೇ ಮೆಚ್ಚುತ್ತಿದ್ದ ಫಿಜಿ ದ್ವೀಪದ ನಾಡ್ರೋಗ ಪ್ರಾಂತ್ಯಕ್ಕೆ 1995ರಲ್ಲಿ ಟಿವಿ ಬಂದಾಗ, ತೂಕ ಇಳಿಸಲು ವಾಂತಿ ಮಾಡಿಕೊಳ್ಳುತ್ತೇನೆ ಎಂದ ಶಾಲಾ ಹುಡುಗಿ ಅಮೆರಿಕದ ಸಂಶೋಧಕಿ ಆನ್ ಬೆಕರ್ ಅವರ ಸಮೀಕ್ಷೆಯಲ್ಲಿ ಒಬ್ಬಳೂ ಇರಲಿಲ್ಲ. 1998ರಲ್ಲಿ ಹಾಗೆಂದವರು ಶೇ 11.3. ನಮ್ಮ ಅಜ್ಜಿಯರು ‘ಯಾಕೆ ಸೊರಗಿದ್ದೀಯ’ ಎಂದು ಮರುಗುತ್ತಿದ್ದ ಮನೆಗಳಲ್ಲೇ ಇಂದು ಸೊರಗುವುದಕ್ಕೆ ದುಡ್ಡು ಕಟ್ಟುತ್ತಿದ್ದೇವೆ.

ಅತ್ತೆಯವರಿಗೆ ಕಾಯಿಲೆಯ ಕಥೆಯನ್ನೆಲ್ಲ ಹೇಳಲೇಬೇಕೆಂದಿಲ್ಲ. ‘ಅತ್ತೆ, ನನ್ನ ಮೇಲಿನ ಪ್ರೀತಿಗೆ ಕಟ್ಟಿದ್ದೀರಿ, ಗೊತ್ತು. ಡಾಕ್ಟರು ಡಯಟ್ ಮಾಡಲೇಬಾರದು ಅಂದಿದ್ದಾರೆ. ಆ ದುಡ್ಡು ವಾಪಸ್ ತಗೊಳ್ಳಿ, ನಾವಿಬ್ಬರೂ ಸೀರೆ ತರೋಕೆ ಹೋಗೋಣ’ ಎನ್ನಿ. ಮದುವೆಯಾಗುವ ಹುಡುಗನಿಗೆ ಮಾತ್ರ, ನಿಮಗೆ ಧೈರ್ಯ ಬಂದ ದಿನ, ವಿಷಯ ತಿಳಿಸಿ. ಹೊಸ ಮನೆಯಲ್ಲಿ ಊಟವಾದ ಮೇಲೆ ನಿಮ್ಮ ಪಕ್ಕ ಕೂರುವ ಒಬ್ಬರಾದರೂ ನಿಮಗೆ ಬೇಕು. ವಾಂತಿಯ ಸೆಳೆತ ಮತ್ತೆ ಕಾಣಿಸಿದರೆ ಮದುವೆ ಮುಗಿಯಲಿ ಎಂದು ತಡೆಯದೆ, ನಿಮ್ಮ ವೈದ್ಯರಿಗೆ ಅದೇ ವಾರ ಫೋನ್ ಮಾಡಿ.