ಸೈಕಲ್ ತುಳಿಯಲು ಭಯವೇಕೆ?

ಪ್ರಶ್ನೆ: ಕಚೇರಿಗೆ ಸೈಕಲ್‌ನಲ್ಲಿ ಹೋಗಬೇಕೆಂಬ ಆಸೆಯಿದೆ. ರಸ್ತೆಯ ಅಂಚಿನಲ್ಲಿ ಸೈಕಲ್ ಪಥವೆಂದು ಬಣ್ಣದ ಗೆರೆಯನ್ನೂ ಎಳೆದಿದ್ದಾರೆ. ಆದರೂ ರಸ್ತೆಗಿಳಿಯಲು ಧೈರ್ಯ ಬರುವುದಿಲ್ಲ. ತಪ್ಪು ನನ್ನ ಅಳುಕಿನದೋ, ಊರಿನದೋ?

ಉತ್ತರ: ಊರಿನದು. ನಿಮ್ಮ ಅಳುಕಿಗೆ ಗಟ್ಟಿಯಾದ ಲೆಕ್ಕವಿದೆ. ಕಾರಿನ ವೇಗ ಗಂಟೆಗೆ 30 ಕಿ.ಮೀ.ನಿಂದ 50ಕ್ಕೆ ಏರಿದರೆ ಅದರ ಚಲನಶಕ್ತಿ ಸುಮಾರು 2.8 ಪಟ್ಟಾಗುತ್ತದೆ. ಆ ರಭಸವನ್ನು ಬಣ್ಣ ತಡೆಯುವುದಿಲ್ಲ. ರಸ್ತೆಯಂಚಿನ ಕಲ್ಲುಕಟ್ಟೆ ತಡೆಯಬಹುದು. ಗೆರೆಯೊಳಗೆ ಯಾರೋ ಕಾರು ನಿಲ್ಲಿಸಿದ್ದರಂತೂ ನೀವು ವಾಹನಗಳ ನಡುವಿಗೇ ಹೊರಳಬೇಕು. ಪಕ್ಕದಲ್ಲೇ ಸಾಗಿದರೆ ಬಾಗಿಲು ಯಾವಾಗ ತೆರೆದುಕೊಳ್ಳುತ್ತದೋ ತಿಳಿಯದು.

ಹೊಸ ಊರಿಗೆ ಹೋದಾಗ ಅಲ್ಲಿ ಎಷ್ಟು ಕಿ.ಮೀ. ಸೈಕಲ್ ಪಥವಿದೆ ಎಂದು ನಾನು ಕೇಳುವುದಿಲ್ಲ. ಯಾರು ತುಳಿಯುತ್ತಿದ್ದಾರೆ ಎಂದು ನೋಡುತ್ತೇನೆ. ಗಟ್ಟಿಕಾಲಿನ ಯುವಕರಷ್ಟೇ ಕಂಡರೆ ಆ ಊರು ಧೈರ್ಯಶಾಲಿಗಳಿಗೆ ಮಾತ್ರ ಜಾಗ ಕೊಟ್ಟಿದೆ ಎಂದರ್ಥ. ಶಾಲೆಯ ಚೀಲ ಹೊತ್ತ ಮಕ್ಕಳು, ನಿಧಾನವಾಗಿ ತುಳಿಯುವ ಅಜ್ಜಿಯರು ಕಂಡರೆ ನಂಬುತ್ತೇನೆ.

ಆಮೇಲೆ ನೋಡುವುದು ಕೂಡುರಸ್ತೆಗಳನ್ನು. ಎಷ್ಟೋ ಊರುಗಳಲ್ಲಿ ಸೈಕಲ್ ಪಥ ಕೂಡುರಸ್ತೆ ಹತ್ತಿರವಾಗುತ್ತಿದ್ದಂತೆ ಮಾಯವಾಗಿಬಿಡುತ್ತದೆ. ಅಪಾಯ ಹೆಚ್ಚಿರುವುದು ಅಲ್ಲಿಯೇ. ತಿರುಗುವ ಲಾರಿಯ ಚಾಲಕನಿಗೆ ಮಗ್ಗುಲಲ್ಲಿರುವ ಸೈಕಲ್ ಕಾಣಿಸುವುದೇ ಇಲ್ಲ. ಇದಕ್ಕೆ ನೆದರ್‌ಲೆಂಡ್ಸ್‌ನ ಡಚ್ಚರು ಕಂಡುಕೊಂಡ ಉಪಾಯ ನನಗೆ ಬಹಳ ಮೆಚ್ಚುಗೆ. ಕೂಡುರಸ್ತೆಯ ಮೂಲೆಯಲ್ಲಿ ಒಂದು ಸಣ್ಣ ದಿಬ್ಬ ಕಟ್ಟುತ್ತಾರೆ. ವಾಹನ ವೇಗ ತಗ್ಗಿಸದೆ ಅದನ್ನು ಸುತ್ತಿಕೊಂಡು ತಿರುಗಲಾರದು. ತಿರುಗಿದ ಮೇಲೆ ಸೈಕಲ್ ಸವಾರ ನೇರವಾಗಿ ಚಾಲಕನ ಕಣ್ಣೆದುರೇ ಇರುತ್ತಾನೆ. ಚಾಲಕನ ಒಳ್ಳೆಯತನವನ್ನು ನೆಚ್ಚಿಕೊಳ್ಳಬೇಕಾಗಿಲ್ಲ, ರಸ್ತೆಯೇ ಆ ಕೆಲಸ ಮಾಡುತ್ತದೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಇನ್ನೊಂದು ಅಕ್ಕರೆ ಕಾಣುತ್ತದೆ: ಕೆಲವು ಮುಖ್ಯ ರಸ್ತೆಗಳಲ್ಲಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ತುಳಿಯುತ್ತ ಹೋದರೆ ಸಿಗ್ನಲ್‌ಗಳು ಸಾಲಾಗಿ ಹಸಿರಾಗುತ್ತವೆ. ನಿಂತು ಮತ್ತೆ ಹೊರಡುವುದು ಕಾರಿನವರಿಗೆ ಪೆಡಲ್ ಒತ್ತಿದಷ್ಟು ಸುಲಭ, ಸೈಕಲ್‌ನವರಿಗೆ ಮೈಯ ಶ್ರಮ. ಅದನ್ನು ಬಲ್ಲವರು ಮಾಡಿದ ಏರ್ಪಾಡು ಇದು.

ಈ ದೇಶಗಳವರಿಗೆ ಸೈಕಲ್ ಪ್ರೀತಿ ಹುಟ್ಟಿನಿಂದ ಬಂದ ಗುಣ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನೆದರ್‌ಲೆಂಡ್ಸ್ ಕೂಡ ಕಾರುಗಳಿಗೆ ರಸ್ತೆ ಬಿಟ್ಟುಕೊಟ್ಟಿತ್ತು. 1971ರಲ್ಲಿ ಅಲ್ಲಿನ ರಸ್ತೆಗಳಲ್ಲಿ 400ಕ್ಕೂ ಹೆಚ್ಚು ಮಕ್ಕಳು ಪ್ರಾಣ ಕಳೆದುಕೊಂಡರು. ತಂದೆತಾಯಿಗಳು ಬೀದಿಗಿಳಿದು ಪ್ರತಿಭಟಿಸಿದರು, 1973ರ ತೈಲ ಬಿಕ್ಕಟ್ಟು ಬಂತು, ಆಮೇಲೆ ನೀತಿ ತಿರುಗಿತು. ಸ್ಪೇನಿನ ಸೆವಿಲ್ಯಾದಲ್ಲಿ ಇದಕ್ಕೆ ದಶಕಗಳೂ ಬೇಕಾಗಲಿಲ್ಲ. 2006ರ ನಂತರದ ಕೆಲವೇ ವರ್ಷಗಳಲ್ಲಿ ಕಾರು ನಿಲ್ಲಿಸುವ ಜಾಗವನ್ನು ತೆಗೆದುಕೊಂಡು, ಒಂದಕ್ಕೊಂದು ಕೂಡಿಕೊಂಡ ಪ್ರತ್ಯೇಕ ಪಥಗಳ ಜಾಲವನ್ನೇ ಕಟ್ಟಿದರು. ಸವಾರರ ಸಂಖ್ಯೆ ಹಲವು ಪಟ್ಟಾಯಿತು. ತುಂಡು ತುಂಡಾಗಿ ಮಾಡಿದ್ದರೆ ಇದು ಆಗುತ್ತಿರಲಿಲ್ಲ.

ಸದ್ಯಕ್ಕೆ ಒಳರಸ್ತೆಗಳಲ್ಲೇ ಕಚೇರಿಗೆ ದಾರಿ ಹುಡುಕಿ, ದೂರ ಹೆಚ್ಚಾದರೂ ಚಿಂತೆಯಿಲ್ಲ. ರಜೆಯ ದಿನ ಬೆಳಿಗ್ಗೆ ಒಮ್ಮೆ ತುಳಿದು ನೋಡಿ. ಕಂಬಿಗಳು ಗಾಲಿಯ ದಿಕ್ಕಿಗೇ ಇದ್ದು ಗಾಲಿ ಸಿಕ್ಕಿಕೊಳ್ಳುವಂಥ ಚರಂಡಿ ಜಾಲರಿಗಳನ್ನು ಗುರುತಿಟ್ಟುಕೊಂಡು ನಗರಾಡಳಿತಕ್ಕೆ ಬರೆಯಿರಿ. ಅವುಗಳನ್ನು ಅಡ್ಡಲಾಗಿ ತಿರುಗಿಸಿ ಕೂರಿಸಲು ದೊಡ್ಡ ಯೋಜನೆಯೇನೂ ಬೇಕಿಲ್ಲ.

ಪ್ರಶ್ನೆ: ಎಲ್ಲರೂ ಹೆಲ್ಮೆಟ್ ಧರಿಸಿದರೆ ಸಾಲದೇ?

ಉತ್ತರ: ಧರಿಸಿ, ಬಿದ್ದಾಗ ತಲೆ ಉಳಿಯುತ್ತದೆ. ಆದರೆ ಡಿಕ್ಕಿ ಹೊಡೆಯುವ ವಾಹನವನ್ನು ಅದು ನಿಲ್ಲಿಸುವುದಿಲ್ಲ. ಅದಕ್ಕೆ ವೇಗ ತಗ್ಗಬೇಕು, ದಾರಿ ಬೇರೆಯಾಗಬೇಕು.