ಫಿಲಿಪ್ಪಿ 2:9ರ ‘ಏರಿಸಿದನು’, ಯೋಹಾನನ ‘ಎತ್ತಲ್ಪಡಬೇಕು’: ಗ್ರೀಕಿನಲ್ಲಿ ಎರಡೂ ಒಂದೇ ಪದವೇ?

ನೀವು ಕೇಳಿರುವುದು ಎರಡು ಪ್ರಶ್ನೆ. ದೇವರು ಯೇಸುವನ್ನು ಅತ್ಯುನ್ನತ ಸ್ಥಾನಕ್ಕೆ ಏರಿಸಿದನು ಎಂದು ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಹೇಳುವಲ್ಲಿ, ಮನುಷ್ಯಕುಮಾರನು (ಯೇಸು ತನ್ನನ್ನು ಕರೆದುಕೊಳ್ಳುವ ಹೆಸರು) ಎತ್ತಲ್ಪಡಬೇಕು ಎಂದು ಯೋಹಾನ ತನ್ನ ಸುವಾರ್ತೆಯಲ್ಲಿ ಬರೆಯುವಲ್ಲಿ, ಗ್ರೀಕಿನಲ್ಲಿರುವುದು ಒಂದೇ ಪದವೇ ಎಂಬುದು ಮೊದಲನೆಯದು. ಪೌಲನ ಪದದ ಮುಂದೆ ‘ಹುಪೆರ್’ ಇರುವುದರಿಂದ ‘ಮೊದಲಿದ್ದುದಕ್ಕಿಂತಲೂ ಮೇಲಿನ ಸ್ಥಾನ ಸಿಕ್ಕಿತು’ ಎಂದೇ ಅರ್ಥ ಮಾಡಬೇಕು ಎಂದು ನಿಮ್ಮ ಸ್ನೇಹಿತರು ವಾದಿಸುತ್ತಾರಲ್ಲ, ಅದು ಸರಿಯೇ ಎಂಬುದು ಎರಡನೆಯದು. ನಾನು ಪಂಡಿತನೇನಲ್ಲ. ದೈವಶಾಸ್ತ್ರ ಓದುವಾಗ ಎರಡು ವರ್ಷ ಗ್ರೀಕ್ ಕಲಿತು, ಆಮೇಲೂ ಪುಸ್ತಕ ಮುಚ್ಚದೆ ಉಳಿದವನು, ಅಷ್ಟೆ. ಮೊದಲನೆಯದಕ್ಕೆ ನನ್ನ ಉತ್ತರ ಬಹುಮಟ್ಟಿಗೆ ಹೌದು. ಎರಡನೆಯದಕ್ಕೆ ಇಲ್ಲ.

ಮೂಲ ಕ್ರಿಯಾಪದ ‘ಹುಪ್ಸೊಓ’. ‘ಹುಪ್ಸೊಸ್’ ಅಂದರೆ ಎತ್ತರ, ಅದರಿಂದ ಹುಟ್ಟಿದ್ದು. ಹೊಸ ಒಡಂಬಡಿಕೆಯಲ್ಲಿ ಇದು 20 ಸಲ ಬರುತ್ತದೆ. ಅದರಲ್ಲಿ ಸರಿಯಾಗಿ ಅರ್ಧದಷ್ಟು ಕಡೆ ಪಕ್ಕದಲ್ಲೇ ‘ತಗ್ಗಿಸು’ ಎಂಬರ್ಥದ ‘ತಪೆಯ್ನೊಓ’ವೋ ಅದೇ ಬೇರಿನ ಇನ್ನೊಂದು ಪದವೋ ಇರುತ್ತದೆ. ತನ್ನನ್ನು ಹೆಚ್ಚಿಸಿಕೊಳ್ಳುವವನು ತಗ್ಗಿಸಲ್ಪಡುವನು, ತಗ್ಗಿಸಿಕೊಳ್ಳುವವನು ಹೆಚ್ಚಿಸಲ್ಪಡುವನು ಎಂಬ ಮಾತನ್ನು ಚರ್ಚಿಗೆ ಹೋಗುವವರೆಲ್ಲ ಕೇಳಿರುತ್ತೀರಿ (ಮತ್ತಾಯ 23:12, ಲೂಕ 14:11, 18:14). ಈ ‘ಲ್ಪಡು’ ಕನ್ನಡವನ್ನು ಕಂಡು ಹೊರಗಿನವರು ನಗುವುದುಂಟು. ನಾನೂ ನಕ್ಕಿದ್ದೇನೆ. ಆದರೆ ಇಲ್ಲಿ ಅದು ಬೇಕೇ ಬೇಕು. ಗ್ರೀಕಿನಲ್ಲೂ ಕರ್ಮಣಿ ಪ್ರಯೋಗವೇ ಇದ್ದು, ಹೆಚ್ಚಿಸುವವನು ದೇವರು ಎಂಬುದನ್ನು ಹೆಸರೆತ್ತದೆ ಹೇಳುವ ಯೆಹೂದ್ಯರ ಮಾತಿನ ವರಸೆ ಅದು.

ಈಗ ಯೋಹಾನನ ಕಡೆ ಬರೋಣ, ಸ್ವಾರಸ್ಯ ಇರುವುದು ಅಲ್ಲೇ. 3:14ರಲ್ಲಿ ಎರಡು ಸಲ, 8:28ರಲ್ಲಿ ಒಂದು, 12:32 ಮತ್ತು 34ರಲ್ಲಿ ಒಂದೊಂದು, ಒಟ್ಟು ಐದು ಸಲ ಅವನು ‘ಹುಪ್ಸೊಓ’ ಬಳಸುತ್ತಾನೆ. ಐದೂ ಶಿಲುಬೆಯ ಸುತ್ತಲೇ. ಗ್ರೀಕಿನಲ್ಲಿ ಶಿಲುಬೆಗೆ ಹಾಕುವುದಕ್ಕೆ ‘ಸ್ತೌರೊಓ’ ಎಂಬ ಬೇರೆ ಕ್ರಿಯಾಪದವೇ ಇದೆ, ಯೇಸುವಿನ ವಿಚಾರಣೆಯ ಅಧ್ಯಾಯದಲ್ಲಿ ಯೋಹಾನನೂ ಅದನ್ನೇ ಬಳಸುತ್ತಾನೆ. ಹಾಗಾದರೆ ಈ ಐದು ಕಡೆ ಮಾತ್ರ ‘ಎತ್ತರಕ್ಕೇರಿಸು’ ಏಕೆ?

ಕನ್ನಡಿಗರಿಗೆ ಇದನ್ನು ವಿವರಿಸುವುದು ಸುಲಭ ಎಂದು ನನಗೆ ಯಾವಾಗಲೂ ಅನಿಸಿದೆ. ಇಂಗ್ಲಿಷಿನವರು ಇಲ್ಲಿ ಅಡಿಟಿಪ್ಪಣಿ ಹಾಕಬೇಕಾಗುತ್ತದೆ. ನಮ್ಮಲ್ಲಿ ‘ಏರಿಸು’ ಎಂಬ ಒಂದೇ ಪದ ಸಾಕು. ರಾಜಕುಮಾರನನ್ನು ಪಟ್ಟಕ್ಕೇರಿಸುತ್ತೇವೆ, ಕಳ್ಳನನ್ನು ಶೂಲಕ್ಕೇರಿಸುತ್ತೇವೆ, ಕೊಲೆಗಡುಕನನ್ನು ಗಲ್ಲಿಗೇರಿಸುತ್ತೇವೆ, ಯೇಸುವನ್ನು ಶಿಲುಬೆಗೇರಿಸಿದರು ಎನ್ನುತ್ತೇವೆ. ಪಟ್ಟಕ್ಕೂ ಶೂಲಕ್ಕೂ ಕ್ರಿಯಾಪದ ಒಂದೇ. ಯೋಹಾನ ಆಟವಾಡುವುದು ಇದರ ಮೇಲೆಯೇ. ಅವನ ಪ್ರಕಾರ ಶಿಲುಬೆ ಮೊದಲು, ಪಟ್ಟ ಆಮೇಲೆ ಎಂದಲ್ಲ, ಆ ಶಿಲುಬೆಯೇ ಪಟ್ಟ. 8:28 ಅಂತೂ ವಿರೋಧಿಗಳಿಗೇ ನೇರವಾಗಿ ಹೇಳಿದ ಮಾತು: ‘ನೀವು ಮನುಷ್ಯಕುಮಾರನನ್ನು ಏರಿಸಿದಾಗ’. ಕೊಲ್ಲುತ್ತಿದ್ದೇವೆಂದು ಅವರು ತಿಳಿದಿದ್ದಾರೆ, ಪಟ್ಟ ಕಟ್ಟುತ್ತಿರುವುದೂ ಅವರ ಕೈಗಳೇ.

ಇದು ನನ್ನ ಊಹೆಯಲ್ಲ ಎನ್ನಲು ಎರಡು ಸುಳಿವು ಕೊಡುತ್ತೇನೆ. 3:14 ನೆನಪಿಸುವ ಕಂಚಿನ ಸರ್ಪದ ಕಥೆ ಅರಣ್ಯಕಾಂಡ 21ರಲ್ಲಿದೆ. ಹಳೆಯ ಒಡಂಬಡಿಕೆಯ ಪ್ರಾಚೀನ ಗ್ರೀಕ್ ಅನುವಾದ ಸೆಪ್ಟುಅಜಿಂಟಿನಲ್ಲಿ ಆ ಕಥೆ ತೆರೆದರೆ ‘ಹುಪ್ಸೊಓ’ ಸಿಗುವುದಿಲ್ಲ. ಸರ್ಪವನ್ನು ಕಂಬದ ಮೇಲೆ ‘ಇಡು’ ಎಂದು ದೇವರು ಹೇಳಿದ, ಮೋಶೆ ‘ನಿಲ್ಲಿಸಿದ’ ಎಂದಿದೆ. ‘ಏರಿಸಿದ’ ಎಂಬ ಪದವನ್ನು ಯೋಹಾನನೇ ತಂದು ಅಲ್ಲಿ ಕೂರಿಸಿದ್ದಾನೆ. ಎಲ್ಲಿಂದ ತಂದ? ಯೆಶಾಯ 52:13ರಿಂದ ಎಂದು ನನ್ನ ನಂಬಿಕೆ. ನೊಂದ ಸೇವಕನ ಹಾಡು ಶುರುವಾಗುವ ಆ ವಚನದ ಗ್ರೀಕಿನಲ್ಲಿ ನನ್ನ ಸೇವಕನು ‘ಹುಪ್ಸೊಓ’ಗೊಳ್ಳುವನು, ‘ದೊಕ್ಸಾಜೊ’ಗೊಳ್ಳುವನು, ಅಂದರೆ ಏರಿಸಲ್ಪಡುವನು, ಮಹಿಮೆಪಡಿಸಲ್ಪಡುವನು ಎಂದು ಎರಡೂ ಪದ ಜೋಡಿಯಾಗಿ ಬಂದಿವೆ. ಯೋಹಾನ 12ರಲ್ಲಿ ಇದೇ ಜೋಡಿ: 23ರಲ್ಲಿ ಮಹಿಮೆ, 32ರಲ್ಲಿ ಏರಿಸುವುದು. 38ನೇ ವಚನದಲ್ಲಿ ಅದೇ ಹಾಡಿನ ಮುಂದಿನ ಸಾಲು, ಯೆಶಾಯ 53:1, ಉಲ್ಲೇಖವಾಗಿಯೇ ಬಂದುಬಿಡುತ್ತದೆ.

ಈ ಶ್ಲೇಷೆ ಆ ಪ್ರಪಂಚಕ್ಕೆ ಹೊಸದೂ ಅಲ್ಲ. ಆದಿಕಾಂಡ 40ರಲ್ಲಿ ಯೋಸೇಫನು ಸೆರೆಮನೆಯಲ್ಲಿ ಇಬ್ಬರ ಕನಸಿಗೆ ಅರ್ಥ ಹೇಳುತ್ತಾನೆ: ಮೂರು ದಿನದಲ್ಲಿ ಫರೋಹನು ನಿನ್ನ ತಲೆ ಎತ್ತುವನು. ಪಾನದಾಯಕನಿಗೆ ಅದು ಹಳೆಯ ಉದ್ಯೋಗ, ರೊಟ್ಟಿ ಸುಡುವವನಿಗೆ ಮರಣದಂಡನೆ. ಹೀಬ್ರೂವಿನಲ್ಲಿ ಇಬ್ಬರಿಗೂ ಒಂದೇ ಕ್ರಿಯಾಪದ. ಕ್ರಿ.ಶ. ಎರಡನೆಯ ಶತಮಾನದಲ್ಲಿ ಕನಸುಗಳ ಮೇಲೆ ಗ್ರೀಕಿನಲ್ಲಿ ಬರೆದ ಆರ್ತೆಮಿದೋರಸ್ ಕ್ರೈಸ್ತನಲ್ಲ. ಶಿಲುಬೆಗೇರಿದಂತೆ ಬಡವ ಕನಸು ಕಂಡರೆ ಒಳ್ಳೆಯದು ಎನ್ನುತ್ತಾನೆ ಅವನು, ಏಕೆಂದರೆ ಶಿಲುಬೆಗೇರಿದವನು ಎತ್ತರದಲ್ಲಿರುತ್ತಾನೆ, ಹಲವರಿಗೆ ಊಟವೂ ಆಗುತ್ತಾನೆ. ಊಟ ಯಾರಿಗೆ? ಹದ್ದು, ಕಾಗೆಗಳಿಗೆ. ಕ್ರೂರ ಹಾಸ್ಯ, ಆದರೆ ಎತ್ತರದ ಶ್ಲೇಷೆ ಬೀದಿಯ ಮಾತಿನಲ್ಲೂ ಇತ್ತು ಎಂಬುದಕ್ಕೆ ಸಾಕ್ಷಿ.

ಇನ್ನು ನಿಮ್ಮ ಸ್ನೇಹಿತರ ‘ಹುಪೆರ್’. ಪೌಲನ ಪದ ‘ಹುಪೆರುಪ್ಸೊಓ’, ಹೊಸ ಒಡಂಬಡಿಕೆಯಲ್ಲಿ ಅದು ಇದೊಂದೇ ಕಡೆ ಇರುವುದು. ‘ಹುಪೆರ್’ ಅಂದರೆ ‘ಮೇಲೆ, ಮೀರಿ’, ನಿಜ. ಆದರೆ ‘ಮೊದಲಿದ್ದುದಕ್ಕಿಂತ’ ಎಂಬ ಹೋಲಿಕೆ ಪದದೊಳಗೆ ತಾನಾಗಿ ಇಲ್ಲ. ಸೆಪ್ಟುಅಜಿಂಟಿನಲ್ಲಿ ಕೀರ್ತನೆ 97:9 ನೋಡಿ (ಗ್ರೀಕ್ ಎಣಿಕೆಯಲ್ಲಿ 96). ಎಲ್ಲ ದೇವರುಗಳಿಗಿಂತ ನೀನು ಅತ್ಯುನ್ನತನು ಎಂದು ಕರ್ತನಿಗೇ ಈ ಪದ ಬಳಸಿದ್ದಾರೆ, ಕರ್ತನಿಗೆ ಬಡ್ತಿ ಕೊಡುವವರು ಯಾರು? ಕೀರ್ತನೆ 37:35ರಲ್ಲಿ ಮರದಂತೆ ಎತ್ತರಕ್ಕೆ ಬೆಳೆದು ಮೆರೆಯುವ ದುಷ್ಟನಿಗೂ ಇದೇ ಪದ. ದಾನಿಯೇಲನ ಗ್ರೀಕ್ ಪಠ್ಯದಲ್ಲಿ ಬೆಂಕಿಯ ಕುಲುಮೆಯೊಳಗಿಂದ ಮೂವರು ಹಾಡುವ ಹಾಡಿನ ಪಲ್ಲವಿಯಲ್ಲಿ ಇದು ಮತ್ತೆ ಮತ್ತೆ ಬರುತ್ತದೆ, ಅಲ್ಲಿ ಅರ್ಥ ಬರೀ ‘ಕೊಂಡಾಡಿರಿ’. ಜೊತೆಗೆ ಪೌಲನಿಗೆ ‘ಹುಪೆರ್’ ಅಂಟಿಸುವ ಚಟವೇ ಇದೆ. ಬರೀ ‘ಗೆಲ್ಲುತ್ತೇವೆ’ ಎಂದರೆ ಅವನಿಗೆ ಸಾಲದು, ರೋಮಾ 8:37ರಲ್ಲಿ ‘ಹುಪೆರ್‌ನಿಕಾಓ’, ಗೆಲುವನ್ನೂ ಮೀರಿ ಗೆಲ್ಲುತ್ತೇವೆ. ಆದ್ದರಿಂದ 2:9ರಲ್ಲೂ ‘ಎಲ್ಲಕ್ಕಿಂತ ಎತ್ತರಕ್ಕೆ’ ಎಂದು ಓದುವುದೇ ಸರಿ. ಮುಂದಿನ ಮಾತೂ ‘ಎಲ್ಲಾ ಹೆಸರುಗಳಿಗಿಂತ’ ಎಂದೇ ಇದೆಯಲ್ಲ.

ನಿಮ್ಮ ಸ್ನೇಹಿತರ ವಾದಕ್ಕೆ ವಯಸ್ಸಾಗಿದೆ ಎಂದು ಅವರಿಗೆ ಹೇಳಿ. ನಾಲ್ಕನೆಯ ಶತಮಾನದಲ್ಲಿ, ಯೇಸು ತಂದೆಗೆ ಸಮನಾದ ದೇವರಲ್ಲ ಎಂದು ಬೋಧಿಸಿದ ಅರಿಯಸ್‌ನ ಕಡೆಯವರು ಇದೇ ವಚನ ಹಿಡಿದು, ವಿಧೇಯನಾದ ಕಾರಣಕ್ಕೆ ಬಡ್ತಿ ಸಿಕ್ಕವನು ಸ್ವಭಾವದಿಂದ ದೇವರಾಗಿರಲು ಹೇಗೆ ಸಾಧ್ಯ ಎಂದು ಕೇಳಿದ್ದರು. ಏರಿಕೆ ಅವನು ತೊಟ್ಟ ಮನುಷ್ಯತ್ವಕ್ಕೆ, ನಮಗಾಗಿ, ಎಂದು ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ ಉದ್ದುದ್ದ ಉತ್ತರ ಬರೆದ. ಆ ಜಗಳವನ್ನು ನಿಘಂಟು ತೀರಿಸಲಾರದು. ‘ಹುಪೆರ್’ ಮಾತ್ರ ಯಾರ ಪರವಾಗಿಯೂ ಸಾಕ್ಷಿ ಹೇಳುವುದಿಲ್ಲ.

ನೀವು ಕೇಳದ ಒಂದು ಪದ ಹೇಳಿ ಬಿಡುತ್ತೇನೆ. ತನ್ನನ್ನು ತಾನೇ ಏರಿಸಿಕೊಳ್ಳುವುದಕ್ಕೆ ಪೌಲ ಬಳಸುವ ಪದ ‘ಹುಪೆರೈರೊ’, ನಮ್ಮ ‘ತಲೆಗೇರುವುದು’ ಇದೆಯಲ್ಲ, ಹಾಗೆ. 2 ಕೊರಿಂಥ 12:7ರಲ್ಲಿ ತನಗಾದ ದರ್ಶನಗಳು ತಲೆಗೇರದಿರಲಿ ಎಂದು ತನಗೊಂದು ‘ಸ್ಕೊಲೊಪ್ಸ್’ ಕೊಡಲ್ಪಟ್ಟಿತು ಎನ್ನುತ್ತಾನೆ. ಸಾಮಾನ್ಯವಾಗಿ ಇದನ್ನು ಮುಳ್ಳು ಎನ್ನುತ್ತಾರೆ. ಆದರೆ ಗ್ರೀಕಿನಲ್ಲಿ ಅದಕ್ಕೆ ಚೂಪು ಮಾಡಿದ ಗೂಟ, ಶೂಲ ಎಂಬ ಅರ್ಥವೂ ಇದೆ. ಶರಣರ ವಚನಗಳ ‘ಹೊನ್ನಶೂಲ’ವನ್ನು ಓದಿದವರಿಗೆ ಹೊಗಳಿಕೆಗೂ ಶೂಲಕ್ಕೂ ಇರುವ ನಂಟು ಹೊಸದೇನಲ್ಲ. ಅಲ್ಲಿ ಹೊಗಳಿಕೆಯೇ ಶೂಲ, ಇಲ್ಲಿ ದರ್ಶನ ತಲೆಗೇರದಂತೆ ತಡೆಯುವುದು ಶೂಲ.